ನಾಲ್ಕು ವರ್ಷದ ಸೇವೆಯ ಸೈನಿಕನ ತಂದೆಯಿಂದ ಸಂಸದರಿಗೆ

ನಮ್ಮ ಲೋಕಸಭಾ ಸದಸ್ಯರಿಗೆ, ಬೆಳಗಾವಿ ಜಿಲ್ಲೆಯ ರೈತನೊಬ್ಬನ ನಮಸ್ಕಾರಗಳು.

ಸಾಹೇಬರೇ, ನನ್ನ ಹಿರಿಯ ಮಗ ಅಗ್ನಿವೀರ, ಅಂದರೆ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆಂದು ಸೇನೆ ಸೇರಿದವನು. 2023ರ ಜನವರಿಯಲ್ಲಿ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಿಗೆ ಸೇರಿದ ಮೊದಲ ತಂಡದವನು. ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಆದರೂ ಆ ತಿಂಗಳುಗಳಲ್ಲಿ ಅವನ ಮುಖ ಕಂಡದ್ದು ಇಲ್ಲವೆನ್ನುವಷ್ಟು ಕಡಿಮೆ. ತರಬೇತಿ ಮುಗಿಸಿ ಪ್ರತಿಜ್ಞೆ ಮಾಡುವ ಕಸಂ ಪರೇಡಿನ ದಿನ ನಾನೂ ಅವನ ಅವ್ವನೂ ಮೊದಲ ಬಸ್ಸಿಗೇ ಹೊರಟೆವು. ಮೈದಾನದಲ್ಲಿ ಎಲ್ಲರದೂ ಒಂದೇ ಉಡುಪು, ಒಂದೇ ಹೆಜ್ಜೆ. ನಮ್ಮವನು ಯಾರೆಂದು ಹುಡುಕುವುದರಲ್ಲೇ ಅರ್ಧ ಪರೇಡ್ ಮುಗಿಯಿತು. ಕೊನೆಗೆ ಅವನ ಅವ್ವ ಕಿವಿ ನೋಡಿ ಗುರುತು ಹಿಡಿದಳು. ಅವು ನನ್ನ ಕಿವಿಗಳು, ಯಾವ ಟೋಪಿಗೂ ಅಡಗುವವಲ್ಲ.

ಆಮೇಲೆ ತಂದೆತಾಯಂದಿರಿಗೆ ಗೌರವ ಪದಕ ತೊಡಿಸಿದರು. ನನ್ನ ಜೇಬಿನಲ್ಲಿದ್ದ ಸುಣ್ಣದ ಡಬ್ಬಿ ಪಿನ್ನಿಗೆ ಅಡ್ಡ ಬಂತು. ಅಧಿಕಾರಿ ನಕ್ಕು, ಪಿನ್ನನ್ನು ಒಂದು ಬೆರಳಿನಷ್ಟು ಮೇಲಕ್ಕೆ ಚುಚ್ಚಿದರು. ಸಾಲದ ನೋಟಿಸುಗಳನ್ನು ಬಿಟ್ಟರೆ, ಸರಕಾರದ ಕಡೆಯಿಂದ ನನ್ನ ಪಾಲಿಗೆ ಬಂದ ಮೊದಲ ವಸ್ತು ಅದು. ಈಗ ದೇವರ ಜಗಲಿಯ ಮೇಲಿದೆ. ಅವನ ಅವ್ವ ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚುತ್ತಾಳೆ. ಪದಕಕ್ಕೆ ವಿಭೂತಿ ಹಚ್ಚುತ್ತಾರೆಯೇ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಅವನು ಮೊದಲ ಸಲ ರಜೆಗೆ ಬಂದಾಗ ಊರಿನ ಹುಡುಗರು ಅಗಸಿಯಲ್ಲಿ ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಮುಖಂಡರು ಹನ್ನೊಂದು ಮಂದಿ; ನನ್ನ ಮಗ ಕೆಳಗಿನ ಮೂಲೆಯಲ್ಲಿ ಅಂಚೆ ಚೀಟಿಯಷ್ಟು. ಇರಲಿ, ಹುಡುಗರ ಪ್ರೀತಿ ದೊಡ್ಡದು. ಆ ರಜೆಯಲ್ಲಿ ಅವನು ಮಾಡಿದ್ದು ಜೋಳದ ರಾಶಿ. ವರ್ಷಕ್ಕೆ ಸಿಗುವ 30 ದಿನಗಳಲ್ಲಿ ಹೆಚ್ಚಿನವು ಹೊಲಕ್ಕೇ ಹೋಗುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. 2027ರ ಜನವರಿಗೆ ಅವನ ನಾಲ್ಕು ವರ್ಷ ಮುಗಿಯುತ್ತದೆ. ನಾಲ್ವರಲ್ಲಿ ಒಬ್ಬನನ್ನು ಸೇನೆ ಉಳಿಸಿಕೊಳ್ಳುತ್ತದೆ. ಉಳಿದ ಮೂವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನಮಾನವೂ ಇಲ್ಲ. ಸಭೆಗಳಲ್ಲಿ, ನಾಲ್ಕು ವರ್ಷ ಮುಗಿದಾಗ ಕೈಗೆ ಕೊಡುವ ಸೇವಾ ನಿಧಿಯ 11.71 ಲಕ್ಷದ ಮಾತು ಬರುತ್ತದೆ, ಉಡುಗೊರೆ ಎಂಬಂತೆ. ಮೊದಲ ವರ್ಷ ನನ್ನ ಮಗನ ಸಂಬಳ 30,000 ರೂಪಾಯಿ, ಕೈಗೆ ಬಂದದ್ದು 21,000. ಉಳಿದ 9,000 ಆ ನಿಧಿಗೇ ಹೋಯಿತು. ನಾಲ್ಕು ವರ್ಷಗಳಲ್ಲಿ ಹೀಗೆ ಕಡಿತವಾಗುವುದು 5.02 ಲಕ್ಷ, ಸರಕಾರ ಹಾಕುವುದು ಅಷ್ಟೇ, ಮೇಲಿನದು ಬಡ್ಡಿ. ಅರ್ಧ ಗಂಟು ಹುಡುಗನದೇ ಎಂಬುದನ್ನೂ ಇನ್ನು ಮುಂದೆ ವೇದಿಕೆಯಲ್ಲಿ ಒಂದು ಮಾತು ಹೇಳಿಬಿಡಿ.

ಯೋಜನೆಯನ್ನು ರದ್ದು ಮಾಡಿ ಎಂದು ನಾನು ಬರೆಯುತ್ತಿಲ್ಲ. ನಾವು ತಿಳಿದೇ ಒಪ್ಪಿದವರು. ಕೊರೊನಾ ಕಾಲದಲ್ಲಿ ಎರಡು ವರ್ಷ ಸೇನೆಯ ಭರ್ತಿಯೇ ನಿಂತಿತ್ತು. ಆಗಲೂ ಇವನು ನಸುಕಿನಲ್ಲಿ ಎದ್ದು ಹೆದ್ದಾರಿಯ ಬದಿಗೆ ಓಡುತ್ತಿದ್ದ. ಐದೂವರೆ ನಿಮಿಷದಲ್ಲಿ 1.6 ಕಿಲೋಮೀಟರ್ ಮುಟ್ಟಬೇಕಿತ್ತು. 2022ರ ಜೂನ್ 14ರಂದು ಅಗ್ನಿಪಥ ಪ್ರಕಟವಾಯಿತು. ಆ ವರ್ಷಕ್ಕೆ ಮಾತ್ರ ವಯೋಮಿತಿಯನ್ನು 23ಕ್ಕೆ ಏರಿಸಿದ್ದರಿಂದ ಇವನಿಗೆ ದಾರಿ ಸಿಕ್ಕಿತು. ಹಾಗಾಗಿ ಹೊರಬರುವಾಗ ಇವನಿಗೆ 26 ದಾಟಿರುತ್ತದೆ. ಅಷ್ಟು ಹೊತ್ತಿಗೆ ಓರಗೆಯವರು ಐಟಿಐ ಮುಗಿಸಿ ಕಾರ್ಖಾನೆಗಳಲ್ಲಿ ಹಳಬರಾಗಿದ್ದಾರೆ.

ಸೇವೆಯ ನಾಲ್ಕು ವರ್ಷ ಅಗ್ನಿವೀರರು ಮದುವೆಯಾಗುವಂತಿಲ್ಲ. ಆದರೂ ಹೆಣ್ಣಿನ ಕಡೆಯವರು ಮೊದಲೇ ಬಂದು ಮಾತು ತೆಗೆಯುತ್ತಾರೆ. ಚಹಾ ಬರುವ ಮೊದಲೇ ಅವರು ಕೇಳುವುದು, “ಪರ್ಮನೆಂಟ್ ಆಗುತ್ತದೆಯೇ?” ಸೈನಿಕನ ತಂದೆಯೆಂದು ನನಗೆ ಕುರ್ಚಿ ಕೊಡುವ ಊರಿನಲ್ಲೇ ಈ ಪ್ರಶ್ನೆಗೆ ನಾನು ಗೋಡೆ ನೋಡುತ್ತೇನೆ. ಮಗನನ್ನು ಫೋನಿನಲ್ಲಿ ಕೇಳಿದರೆ “ನೋಡೋಣ ಅಪ್ಪಾ” ಎಂದು ಮಾತು ತಿರುಗಿಸಿ, ಎತ್ತಿನ ಕಾಲು ವಾಸಿಯಾಯಿತೇ ಎಂದು ವಿಚಾರಿಸುತ್ತಾನೆ. ಅವನು ಎಲ್ಲಿ ನಿಂತು ಮಾತಾಡುತ್ತಿದ್ದಾನೆಂದು ಹೇಳುವಂತಿಲ್ಲ. ಗಾಳಿಯ ಸದ್ದು ಮಾತ್ರ ಕೇಳಿಸುತ್ತದೆ.

ತಾವು ಲೋಕಸಭೆಯಲ್ಲಿ ಎದ್ದು ನಿಂತು, ಉಳಿಯುವವರ ಪಟ್ಟಿ ಯಾವಾಗ ಹೊರಬೀಳುತ್ತದೆ, ಯಾವ ಅಂಕಗಳ ಮೇಲೆ, ಹೊರಬರುವವರನ್ನು ಮಾಜಿ ಸೈನಿಕರೆಂದು ಏಕೆ ಕರೆಯಬಾರದು ಎಂದು ಕೇಳಬೇಕು. ನಮ್ಮ ರಾಜ್ಯದ ಪೊಲೀಸ್, ಅರಣ್ಯ ಇಲಾಖೆಗಳಲ್ಲಿ ಇವರಿಗೆ ಎಷ್ಟು ಸ್ಥಾನ ಎಂಬುದನ್ನು ಆದೇಶದ ಸಂಖ್ಯೆ, ದಿನಾಂಕದೊಂದಿಗೆ ತಿಳಿಸಬೇಕು. ಭರವಸೆಯ ಭಾಷಣ ಬೇಡ, ಕಾಗದ ಬೇಕು. ಬೀಗರ ಮುಂದೆ ಇಡಲು.

ರಾಶಿಯ ಹೊತ್ತಿಗೆ ಮಗ ರಜೆಗೆ ಬರುತ್ತಾನೆ. ತಮ್ಮ ಉತ್ತರ ಅಷ್ಟರೊಳಗೆ ತಲುಪಿದರೆ ಒಡೆಯದೆ ಇಟ್ಟು, ಅವನ ಕೈಗೇ ಕೊಡುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಅಗ್ನಿವೀರನ ತಂದೆ