ಪೆನ್ ಸೆಂಟ್ರಲ್ ಮುಳುಗಿದ್ದು ಬರೀ ಕಾರು, ವಿಮಾನದಿಂದಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ರೈಲುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಎರಡು ದೊಡ್ಡ ರೈಲು ಕಂಪನಿಗಳು ಸೇರಿ ಆದ ಪೆನ್ ಸೆಂಟ್ರಲ್ ಕಂಪನಿಯ ಕಥೆಯನ್ನು ‘ಕಾರು, ವಿಮಾನ ಬಂದವು, ಕಂಪನಿ ಮುಳುಗಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿ ಅನ್ನಿಸಲಿಲ್ಲ. ಗೂಡ್ಸ್ ಕೆಲಸ ಮಾಡಿ ನಿವೃತ್ತನಾದ ನನಗೆ ಆ ಕಂಪನಿಯ ಯಾರ್ಡುಗಳಲ್ಲಿ, ಅಂದರೆ ವ್ಯಾಗನ್‌ಗಳನ್ನು ಬೇರ್ಪಡಿಸಿ ಜೋಡಿಸುವ ಜಾಗಗಳಲ್ಲಿ, ನಡೆದದ್ದೇ ಹೆಚ್ಚು ಮುಖ್ಯ.

ಲಾರಿ, ಕಾರುಗಳ ಪೆಟ್ಟು ಇದ್ದದ್ದು ನಿಜ. 1956ರ ನಂತರ ಸರ್ಕಾರವೇ ದುಡ್ಡು ಸುರಿದು ಹೆದ್ದಾರಿ ಕಟ್ಟಿಸಿತು. ರೈಲು ಕಂಪನಿಗಳೋ ತಮ್ಮ ಹಳಿ ತಾವೇ ನೋಡಿಕೊಂಡು, ಅದರ ಮೇಲೆ ತೆರಿಗೆಯನ್ನೂ ಕಟ್ಟಬೇಕಿತ್ತು. ಸಾಗಣೆ ದರ ಬದಲಿಸಲು ಇಂಟರ್‌ಸ್ಟೇಟ್ ಕಾಮರ್ಸ್ ಕಮಿಷನ್ ಎಂಬ ಸರ್ಕಾರಿ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಬೇಕಿತ್ತು. ನಷ್ಟದ ಪ್ಯಾಸೆಂಜರ್ ಗಾಡಿ ನಿಲ್ಲಿಸುವುದೂ ಸುಲಭವಿರಲಿಲ್ಲ. ಆದರೆ ಈ ಕಾಟ ಎಲ್ಲ ಕಂಪನಿಗಳಿಗೂ ಇತ್ತಲ್ವಾ? ಕಲ್ಲಿದ್ದಲು ಸಾಗಿಸುತ್ತಿದ್ದ ನಾರ್ಫೋಕ್ ಅಂಡ್ ವೆಸ್ಟರ್ನ್ ಅದೇ ಕಾಲದಲ್ಲಿ ಲಾಭದಲ್ಲಿತ್ತು. ಪೆನ್ ಸೆಂಟ್ರಲ್‌ನ ಅಧ್ಯಕ್ಷರಾದ ಸ್ಟುವರ್ಟ್ ಸಾಂಡರ್ಸ್ ಮೊದಲು ಅಲ್ಲೇ ಮುಖ್ಯಸ್ಥರಾಗಿದ್ದವರು!

ಪೆನ್ಸಿಲ್ವೇನಿಯಾ ರೈಲ್‌ರೋಡ್ ಮತ್ತು ನ್ಯೂಯಾರ್ಕ್ ಸೆಂಟ್ರಲ್ ನೂರು ವರ್ಷ ಹಾವು ಮುಂಗುಸಿಯಂತಿದ್ದ ಕಂಪನಿಗಳು. ಮೊದಲನೆಯದು ಅಲೆಘೇನಿ ಬೆಟ್ಟ ಹತ್ತಿ ಪಶ್ಚಿಮಕ್ಕೆ ಹೋಗುತ್ತಿತ್ತು. ಎರಡನೆಯದು ಹಡ್ಸನ್ ನದಿಯ ದಡ ಹಿಡಿದು, ಬೆಟ್ಟದ ಗೊಡವೆಯಿಲ್ಲದೆ ಸಾಗುತ್ತಿತ್ತು. ಇವೆರಡೂ ಒಂದಾಗುವ ಮಾತು ಹೊರಬಿದ್ದದ್ದು 1957ರಲ್ಲಿ, ಒಂದಾಗಿ ಪೆನ್ ಸೆಂಟ್ರಲ್ ಆದದ್ದು 1968ರ ಫೆಬ್ರವರಿ 1ರಂದು. ನಡುವಿನ ಹತ್ತು ವರ್ಷ ಮಾತುಕತೆ, ವಿಚಾರಣೆ, ಕೋರ್ಟು ಎಂದೇ ಕಳೆಯಿತು. ಮಾರನೆಯ ದಿನ ಗಾಡಿ ಹೇಗೆ ಓಡಿಸಬೇಕು ಎಂಬ ತಯಾರಿ ಮಾತ್ರ ಅರೆಬರೆ.

ಆಮೇಲೆ ಆದದ್ದು ಗೂಡ್ಸ್ ಗೊತ್ತಿರುವ ಯಾರಿಗಾದರೂ ಹೊಟ್ಟೆ ಉರಿಸುವಂಥದ್ದು. ಎರಡು ಕಂಪನಿಗಳ ಕಂಪ್ಯೂಟರುಗಳು ಒಂದಕ್ಕೊಂದು ಹೊಂದಲಿಲ್ಲ. ವ್ಯಾಗನ್ ಒಂದು ಕಡೆ, ಅದರ ಸರಕು ಎಲ್ಲಿಗೆಂದು ಬರೆದ ಕಾಗದ, ಅಂದರೆ ವೇ ಬಿಲ್, ಇನ್ನೊಂದು ಕಡೆ. ಕಾಗದವಿಲ್ಲದ ವ್ಯಾಗನ್ ಎಲ್ಲಿಗೆ ಹೋಗಬೇಕೆಂದು ಯಾರ್ಡಿನವನಿಗೆ ಹೇಗೆ ಗೊತ್ತಾಗಬೇಕು? ಯಾರ್ಡ್ ತುಂಬಿತು ಎಂದು ಸುಮ್ನೆ ಮುಂದಿನ ಊರಿಗೆ ತಳ್ಳಿದರು. ಅಲ್ಲೂ ಅದೇ ಕಥೆ. ಬೇಸತ್ತ ಗಿರಾಕಿಗಳು ಲಾರಿ ಹಿಡಿದರು. ಅಂದರೆ ಲಾರಿಗಳ ಹತ್ತಿರ ಅವರನ್ನು ಅಟ್ಟಿದ್ದರಲ್ಲಿ ಈ ಕಂಪನಿಯ ಕೈಯೂ ಇತ್ತು. ಮೇಲಿನವರಲ್ಲೂ ಪೆನ್ಸಿಲ್ವೇನಿಯಾದಿಂದ ಬಂದವರದು ಕೆಂಪು ತಂಡ, ನ್ಯೂಯಾರ್ಕ್ ಸೆಂಟ್ರಲ್‌ನವರದು ಹಸಿರು ತಂಡ ಎಂಬ ಎರಡು ಗುಂಪು. ಸಾಂಡರ್ಸ್ ವಕೀಲರು. ನ್ಯೂಯಾರ್ಕ್ ಸೆಂಟ್ರಲ್‌ನಿಂದ ಬಂದ ಆಲ್ಫ್ರೆಡ್ ಪರ್ಲ್‌ಮನ್ ರೈಲು ಓಡಿಸಿ ಗೊತ್ತಿದ್ದವರು. ಇಬ್ಬರಿಗೂ ಹೊಂದಿಕೆಯಾಗಲಿಲ್ಲ.

ಇಷ್ಟು ಸಾಲದೆಂಬಂತೆ, ಮೊದಲೇ ದಿವಾಳಿಯಾಗಿದ್ದ ನ್ಯೂ ಹೇವನ್ ರೈಲು ಕಂಪನಿಯನ್ನೂ 1969ರಲ್ಲಿ ಇದರ ಕೊರಳಿಗೆ ಕಟ್ಟಲಾಯಿತು. ವಿಲೀನಕ್ಕೆ ಕಮಿಷನ್ ಹಾಕಿದ್ದ ಷರತ್ತು ಅದು. ರೈಲಿನಲ್ಲಿ ನಷ್ಟ ಏರುತ್ತಿದ್ದರೂ ಕಂಪನಿ ಸಾಲ ಮಾಡುತ್ತಲೇ ಷೇರುದಾರರಿಗೆ ಲಾಭಾಂಶ ಹಂಚುತ್ತಿತ್ತು. ನನ್ನ ದೃಷ್ಟಿಯಲ್ಲಿ ಇದಕ್ಕೆ ಕ್ಷಮೆಯೇ ಇಲ್ಲ.

1970ರ ಜೂನ್ 8ರಂದು ಆಡಳಿತ ಮಂಡಳಿ ಸಾಂಡರ್ಸ್, ಪರ್ಲ್‌ಮನ್ ಇಬ್ಬರನ್ನೂ, ಹಣಕಾಸು ನೋಡುತ್ತಿದ್ದ ಡೇವಿಡ್ ಬೆವನ್ ಅವರನ್ನೂ ಕಿತ್ತುಹಾಕಿತು. ಜೂನ್ 21ಕ್ಕೆ ದಿವಾಳಿ ಅರ್ಜಿ. ಒಂದಾಗಿ ಎರಡೂವರೆ ವರ್ಷವೂ ಆಗಿರಲಿಲ್ಲ. ಅಲ್ಲಿಯವರೆಗೆ ಅಮೆರಿಕ ಕಂಡ ಅತಿ ದೊಡ್ಡ ದಿವಾಳಿ ಅದು.

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ವಿಷಯವಿದೆ. 1971ರ ಮೇ 1ರಂದು ಶುರುವಾದ ಆಮ್‌ಟ್ರ್ಯಾಕ್ ಎಂಬ ಸರ್ಕಾರಿ ನೆರವಿನ ರೈಲು ಸಂಸ್ಥೆ ದೂರದ ಪ್ಯಾಸೆಂಜರ್ ಗಾಡಿಗಳ ಹೊರೆ ಇಳಿಸಿತು. ಆದರೂ ಪೆನ್ ಸೆಂಟ್ರಲ್ ಚೇತರಿಸಿಕೊಳ್ಳಲಿಲ್ಲ. ಪ್ಯಾಸೆಂಜರ್ ನಷ್ಟವೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. 1976ರಲ್ಲಿ ಸರ್ಕಾರದ ಕಾನ್‌ರೈಲ್ ಅದರ ಗೂಡ್ಸ್ ಜಾಲವನ್ನು ವಹಿಸಿಕೊಂಡಿತು. 1980ರ ಸ್ಟ್ಯಾಗರ್ಸ್ ಕಾಯ್ದೆ ದರದ ಕಟ್ಟುಪಾಡು ಸಡಿಲಿಸಿದ ಮೇಲೆ ಅದೇ ಜಾಲ ಲಾಭ ಕಂಡಿತು. ನ್ಯೂಜೆರ್ಸಿಯ ಎಡಿಸನ್ ಕಡೆಯಿಂದ ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರ ರೈಲು ಇಂದಿಗೂ ಪೆನ್ ಸೆಂಟ್ರಲ್‌ನದಾಗಿದ್ದ ಮಾರ್ಗದಲ್ಲೇ ಓಡುತ್ತದೆ.

ಕಂಪನಿಯ ಹೆಸರೂ ಕೂಡಲೇ ಅಳಿಯಲಿಲ್ಲ. 1978ರಲ್ಲಿ ಅದು ದಿವಾಳಿಯಿಂದ ಹೊರಬಂತು, ಆದರೆ ಓಡಿಸಲು ರೈಲಿರಲಿಲ್ಲ. ಅದೇ ವರ್ಷ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಬಹುಮಹಡಿ ಕಟ್ಟಡ ಕಟ್ಟುವ ಹಕ್ಕಿಗಾಗಿ ನಡೆಸಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಕೊನೆಗೆ ಇನ್ಶೂರೆನ್ಸ್ ವ್ಯವಹಾರಕ್ಕೆ ಇಳಿಯಿತು.

ಇಂತಿ,
ನಿವೃತ್ತ ರೈಲ್ವೆ ನೌಕರ, ಹುಬ್ಬಳ್ಳಿ