ತುಟಿಯಾಡಿಸುವ ಮಾತು

ಮಡಿಕೇರಿ,
ಆಗಸ್ಟ್ 5

ಮಗಳೇ,

ತೋಟದ ಸುದ್ದಿ, ನಿಮ್ಮಪ್ಪನ ಮಂಡಿನೋವು ಎಲ್ಲ ಗೊತ್ತಿದ್ದದ್ದೇ. ಕಾಗದದ ಕೊನೆಯಲ್ಲಿ, ಆಗಸ್ಟ್ 15ಕ್ಕೆ ಪಂಚಾಯಿತಿಯಲ್ಲಿ ಬಾವುಟ ಏರಿಸಿ ರಾಷ್ಟ್ರಗೀತೆಗೆ ನಿಲ್ಲಲೋ, ಒಲ್ಲೆ ಎನ್ನಲೋ ಎಂದು ಕೇಳಿ ಬರೆದೆಯಲ್ಲ, "ಒಪ್ಪದ ಹಾಡಿಗೆ ತುಟಿಯಾಡಿಸಿದರೆ ನಾನೇ ಸುಳ್ಳಾಗ್ತೀನಿ, ಸುಮ್ಮನೆ ನಿಂತರೆ ದೇಶದ್ರೋಹಿ ಅಂತಾರೆ" ಅಂತ, ಅದು ತಲೆಯಿಂದ ಹೋಗುತ್ತಿಲ್ಲ. ಮೊನ್ನೆ ಆಟಿ ತಿಂಗಳ ಹದಿನೆಂಟಕ್ಕೆ ಮಾಡಿದ ಮದ್ದುಸೊಪ್ಪಿನ ಪಾಯಸವೂ ರುಚಿಸಲಿಲ್ಲ.

ಕಾನೂನಿಗೆ ಹೆದರಬೇಡ. 1985ರಲ್ಲಿ ಕೇರಳದ ಶಾಲೆಯೊಂದು ಒಡಹುಟ್ಟಿದ ಮೂವರು ಮಕ್ಕಳನ್ನು ಹೊರಹಾಕಿತ್ತು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಹಾಡಲೇಬೇಕೆನ್ನುವ ಕಾನೂನಿಲ್ಲ, ಗೌರವದಿಂದ ನಿಂತರೆ ಸಾಕು ಎಂದು 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಸೇರಿಸಿತು. ರಾಷ್ಟ್ರಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯಲ್ಲೂ ರಾಷ್ಟ್ರಗೀತೆಯ ವಿಚಾರಕ್ಕೆ ಶಿಕ್ಷೆ ಇರುವುದು ಹಾಡುವವರನ್ನು ಬೇಕೆಂದೇ ತಡೆದವರಿಗೆ, ಸಭೆ ಕೆಡಿಸಿದವರಿಗೆ.

ಆ ತೀರ್ಪು ಬಂದ ಪೇಪರನ್ನು ನಿಮ್ಮ ದೊಡ್ಡಮ್ಮನಿಗೂ ತೋರಿಸದೆ ಮಡಚಿಟ್ಟಿದ್ದೆ. ಯಾಕೆಂದರೆ, 1974ರ ಜನವರಿ 26ರಂದು ನಾನು ಮೇಷ್ಟ್ರಾಗಿದ್ದ ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬ ರಾಷ್ಟ್ರಗೀತೆಗೆ ನೆಟ್ಟಗೆ ನಿಂತಿದ್ದ, ಬಾಯಿ ಮಾತ್ರ ತೆರೆದಿರಲಿಲ್ಲ. "ಬಾಯಿ ಹೊಲಿದಿದ್ದಾರೇನೋ?" ಅಂತ ಎಲ್ಲರೆದುರು ಕೇಳಿದೆ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಲ್ಲಿಸಿದೆ. ಹಂಚಿದ ಮಿಠಾಯಿಯನ್ನೂ ಕೊಡಲಿಲ್ಲ. ಆಗಸ್ಟ್ ಬಂದಾಗ ಅವನ ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ. ನಾನು ಹೋಗಿ ಬೆನ್ನು ತಟ್ಟಿದೆ! ನೀನು ಹೆದರುತ್ತೀಯಲ್ಲ, ಆ ಸುಳ್ಳನ್ನು ಒಂದು ಮಗುವಿಗೆ ಕಲಿಸಿಕೊಟ್ಟವನು ನಾನೇ.

ಆದರೆ ಅವರೆಲ್ಲ ಮಕ್ಕಳು. ನೀನು ಪಂಚಾಯಿತಿ ಅಧ್ಯಕ್ಷೆ. ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ಇದು. ನಿನಗೆ ಓಟು ಹಾಕಿದವರಲ್ಲಿ ಮಿಲಿಟರಿಯಿಂದ ಬಂದವರೆಷ್ಟು, ಹೋದವರು ಬಾರದ ಮನೆಗಳೆಷ್ಟು. ಬಾವುಟ ಏರಿಸುವುದು ಆ ಕುರ್ಚಿಯ ಕೆಲಸ. ಒಲ್ಲೆ ಎಂದರೆ ಅವರ ಪಾಲಿನದನ್ನೂ ನೀನೇ ಬೇಡವೆಂದ ಹಾಗೆ. ಏರಿಸು. 52 ಸೆಕೆಂಡು ನೆಟ್ಟಗೆ ನಿಲ್ಲು. ಹಾಡುವುದು ಬಿಡುವುದು ನಿನ್ನಿಷ್ಟ, ಹಾಡಿದ ಹಾಗೆ ನಟಿಸಬೇಡ. ಇದನ್ನು ಹೇಳಲು ನಾನ್ಯಾರು ಅಂತಲೂ ಅನಿಸುತ್ತದೆ.

ದೇಶದ್ರೋಹಿ ಅಂದರೆ? ಅನ್ನುವವರು ಅಂದೇ ಅನ್ನುತ್ತಾರೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಕೇಳಿದವರಿಗೆ ಎರಡು ಮಾತಿನಲ್ಲಿ ನಿಜ ಹೇಳು, ಭಾಷಣ ಬೇಡ.

ಹಗ್ಗದ ಗಂಟನ್ನು ಹಿಂದಿನ ಸಂಜೆಯೇ ನೋಡಿಕೋ, ಮಳೆಗೆ ಬಿಗಿದುಕೊಳ್ಳುತ್ತದೆ. ಮಿಠಾಯಿ ಹಂಚುವಾಗ ಬಾಯಿ ತೆರೆಯದೆ ನಿಂತ ಮಕ್ಕಳಿದ್ದರೆ ಅವರಿಗೂ ಸಿಗುವ ಹಾಗೆ ನೋಡು.

ನಿನ್ನ
ದೊಡ್ಡಪ್ಪ