ಕೆಂಗಣ್ಣು ಬೇರೆ, ಕೆಂಪು ಕಣ್ಣು ಬೇರೆ

ಪ್ರೀತಿಯ ತಮ್ಮ,

ನಿನ್ನ ಕಥೆ ಎರಡು ಸಲ ಓದಿದೆ, ಎರಡನೇ ಸಲ ಜೋರಾಗಿ. ಅಮ್ಮ ಒಲೆ ಮುಂದೆ ಕೂತು ಊದುಗೊಳವೆ ಹಿಡಿಯುವ ಭಾಗ ತುಂಬಾ ಚೆನ್ನಾಗಿದೆ. ಆದರೆ ಅಲ್ಲೇ ಒಂದು ಪದ ನನ್ನನ್ನು ತಡೆದು ನಿಲ್ಲಿಸಿತು. ‘ಹೊಗೆಗೆ ಕೆಂಗಣ್ಣಾದ ಅಮ್ಮ ನನ್ನ ಕಡೆ ನೋಡಿದಳು’ ಅಂತ ಬರೆದಿದ್ದೀಯ. ಅಮ್ಮನಿಗೆ ಸಿಟ್ಟು ಬಂತು ಅಂದುಕೊಂಡೆ. ಮುಂದಿನ ಸಾಲಿನಲ್ಲಿ ಅವಳು ನಗುತ್ತಾಳೆ.

ಕಣ್ಣು ಕೆಂಪಾದರೆ ಕೆಂಪು ಕಣ್ಣು. ಕೆಂಗಣ್ಣು ಅಂದರೆ ಕೋಪ. ಎರಡೂ ಕಡೆ ಅದೇ ಕೆಂಪು, ಅದೇ ಕಣ್ಣು. ‘ಕ’ ಹೋಗಿ ‘ಗ’ ಬಂದ ಕೂಡಲೇ ಎರಡು ಮಾತು ಬೆಸೆದು ಮೂರನೆಯದೊಂದು ಹುಟ್ಟಿತು. ಈ ಪತ್ರ ಬರೆಯಲು ಕೂತದ್ದೇ ಆ ಬೆಸುಗೆಯ ಸದ್ದಿನ ಬಗ್ಗೆ ಹೇಳೋಣ ಅಂತ.

ಶಾಲೆಯಲ್ಲಿ ಆದೇಶ ಸಂಧಿ ಓದಿರುತ್ತೀಯ. ಮಳೆ, ಕಾಲ ಸೇರಿ ಮಳೆಗಾಲ. ಹೂ, ತೋಟ ಸೇರಿ ಹೂದೋಟ. ಕ, ತ, ಪ ಇದ್ದ ಕಡೆ ಗ, ದ, ಬ ಬರುತ್ತವೆ ಅಂತ 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಬರೆದಿಟ್ಟಿದ್ದಾನೆ. ಪರೀಕ್ಷೆಗೆ ಅಷ್ಟು ಸಾಕು, ಬರೆಯುವವರಿಗೆ ಸಾಲದು. ಕೈ, ಕಾಲು ಸೇರಿದರೆ ಕೈಕಾಲು. ಅಲ್ಲಿ ಯಾಕೆ ‘ಗಾಲು’ ಆಗಲಿಲ್ಲ? ಹಿಂಗಾಲು, ಮುಂಗಾಲು, ಮರಗಾಲು ಎಲ್ಲ ಆಗುತ್ತವಲ್ವಾ? ಯಾಕೆಂದರೆ ಕೈಕಾಲಿನಲ್ಲಿ ಇಬ್ಬರೂ ಸಮ. ತಂದೆತಾಯಿ, ಆನೆಕುದುರೆ, ಕೆರೆಕಟ್ಟೆ ಕೂಡ ಹಾಗೇ. ಅಕ್ಕಪಕ್ಕ ನಿಂತಿದ್ದಾರೆ, ಯಾರೂ ಯಾರಿಗೂ ಒರಗಿಲ್ಲ. ಹಿಂಗಾಲಿನಲ್ಲಿ ‘ಹಿಂದು’ ಅನ್ನುವುದು ಯಾವ ಕಾಲು ಅಂತ ಹೇಳುತ್ತಿದೆ. ಹಾಗೆ ಒಂದು ಇನ್ನೊಂದಕ್ಕೆ ಒರಗಿದಾಗ ಸದ್ದು ಮೆತ್ತಗಾಗುತ್ತದೆ.

ಜಪಾನಿ ಭಾಷೆಯ ಬಗ್ಗೆ ಓದುವಾಗ ಇದೇ ಸಂಗತಿ ಕಂಡು ಮೈ ಜುಮ್ ಅಂದಿತ್ತು. ಅದಕ್ಕೂ ನಮಗೂ ನೆಂಟಸ್ತಿಕೆ ಇಲ್ಲ. ಆದರೂ ಅಲ್ಲಿ ‘ಒರಿ’ ಅಂದರೆ ಮಡಿಕೆ, ‘ಕಾಮಿ’ ಅಂದರೆ ಕಾಗದ, ಸೇರಿದರೆ ಒರಿಗಾಮಿ. ಇದಕ್ಕೆ ಅವರು ರೆಂಡಾಕು ಅನ್ನುತ್ತಾರೆ. ‘ಯಾಮಾ’ ಬೆಟ್ಟ, ‘ಕಾವಾ’ ಹೊಳೆ. ಯಾಮಾಗಾವಾ ಅಂದರೆ ಬೆಟ್ಟದ ಹೊಳೆ. ಯಾಮಾಕಾವಾ ಅಂದರೆ ಬೆಟ್ಟ ಮತ್ತು ಹೊಳೆ. ನಮ್ಮ ಹಿಂಗಾಲು, ಕೈಕಾಲು ಇದ್ದಂತೆಯೇ! ತಮಿಳಿನಲ್ಲಿ ಮೆತ್ತಗಾಗುವ ಬದಲು ಒತ್ತು ಬೀಳುತ್ತದೆ. ವಾಳೈ, ಪಳಂ ಸೇರಿ ವಾಳೈಪ್ಪಳಂ, ನಮ್ಮ ಬಾಳೆಹಣ್ಣು. ಆದರೆ ಇರುಳು ಹಗಲು ಎನ್ನುವ ‘ಇರವುಪಗಲ್’ನಲ್ಲಿ ಒತ್ತು ಇಲ್ಲ. ಅಲ್ಲೂ ಸಮಾನರನ್ನು ಸುಮ್ನೆ ಬಿಟ್ಟಿದ್ದಾರೆ.

ಹಾಗಂತ ಎಲ್ಲ ಕಡೆ ಒಂದೇ ಕಟ್ಟಳೆ ಅಂದುಕೊಳ್ಳಬೇಡ. ಜಪಾನಿಯಲ್ಲಿ ಎರಡನೇ ಪದದಲ್ಲಿ ಮೊದಲೇ ಗ, ದ, ಬ, ಝ ತರಹದ ಸದ್ದು ಇದ್ದರೆ ಸಾಮಾನ್ಯವಾಗಿ ಬದಲಾವಣೆ ಆಗುವುದಿಲ್ಲ. ‘ಕಾಝೆ’ ಅಂದರೆ ಗಾಳಿ. ಅದರಲ್ಲಿ ‘ಝ’ ಇರುವುದರಿಂದ ದೇವರ ಗಾಳಿಗೆ ಕಾಮಿಕಾಝೆ ಅನ್ನುತ್ತಾರೆ, ಕಾಮಿಗಾಝೆ ಅಲ್ಲ (ಇಲ್ಲಿಯ ‘ಕಾಮಿ’ ಕಾಗದವಲ್ಲ, ದೇವರು). 1894ರಲ್ಲಿ ಇದನ್ನು ಬರೆದ ಬೆಂಜಮಿನ್ ಸ್ಮಿತ್ ಲೈಮನ್ ಜಪಾನಿನಲ್ಲಿ ಕೆಲಸ ಮಾಡಿದ್ದ ಅಮೆರಿಕದ ಗಣಿ ಇಂಜಿನಿಯರ್. ಭಾಷೆಗೆ ಕಿವಿ ಕೊಡಲು ಪಂಡಿತರೇ ಆಗಬೇಕಿಲ್ಲ, ನೋಡು. ನಮ್ಮಲ್ಲಿ ಆ ತಡೆ ಇಲ್ಲ. ‘ಕನ್ನಡ’ದಲ್ಲಿ ‘ಡ’ ಇದ್ದರೂ ಹಳೆಗನ್ನಡ, ಹೊಸಗನ್ನಡ ಅಂತ ಆರಾಮಾಗಿ ಅನ್ನುತ್ತೇವೆ.

ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಹುಲಿ ಹಿಂದೆ ಪುಲಿ ಆಗಿತ್ತು, ಹಾವು ಪಾವು ಆಗಿತ್ತು, ಹನಿ ಪನಿ ಆಗಿತ್ತು. ಒಂಟಿಯಾಗಿದ್ದಾಗ ‘ಪ’ ಸವೆದು ‘ಹ’ ಆಯಿತು. ಜೋಡಿಯಾಗಿದ್ದಾಗ ‘ಬ’ ಆಗಿ ಉಳಿದುಕೊಂಡಿತು. ಅದಕ್ಕೇ ಹೆಬ್ಬುಲಿ, ಹೆಬ್ಬಾವು, ಕಂಬನಿ. ಬೆರಳು ಮಡಚಿ ಎಣಿಸಿ ನೋಡು. ಹತ್ತರಲ್ಲಿ ‘ಹ’, ಇಪ್ಪತ್ತರಲ್ಲಿ ‘ಪ’, ಮೂವತ್ತರಲ್ಲಿ ‘ವ’, ಎಂಬತ್ತರಲ್ಲಿ ‘ಬ’. ಎಲ್ಲವೂ ಆ ಹಳೆಯ ‘ಪತ್ತು’ವಿನ ಮಕ್ಕಳೇ. ಜಪಾನಿಯ ‘ಹ’ ಕೂಡ ಹಿಂದೆ ‘ಪ’ ಆಗಿತ್ತು. ಹಾಗಾಗಿ ಅಲ್ಲಿ ‘ಹನಾ’ ಹೂವು, ‘ಹಿ’ ಬೆಂಕಿ, ಸೇರಿದರೆ ಹನಾಬಿ, ಅಂದರೆ ಪಟಾಕಿಯ ಬಾಣಬಿರುಸು. ಬೆಂಕಿಯ ಹೂವಿನಲ್ಲಿ ಹಳೆಯ ತುಟಿಯ ಸದ್ದು ಇನ್ನೂ ಇದೆ.

ಸಂಸ್ಕೃತದಲ್ಲಿ ಅಕ್ಷರ ಬದಲಾಗದೆ ಬರೀ ಸ್ವರದಿಂದಲೇ, ಅಂದರೆ ದನಿಯ ಏರಿಳಿತದಿಂದಲೇ, ಜೋಡುಪದದ ಅರ್ಥ ಬದಲಾಗುತ್ತಿತ್ತು. ವೃತ್ರನ ಕಥೆ ಕೇಳಿರಬೇಕು. ಇಂದ್ರನನ್ನು ಕೊಲ್ಲುವವನು ಬೆಳೆಯಲಿ ಅಂತ ವೃತ್ರನ ಅಪ್ಪ ತ್ವಷ್ಟೃ ‘ಇಂದ್ರಶತ್ರು’ ಎಂದು ಕೂಗಿದ. ಸ್ವರ ಕೊನೆಗೆ ಏರಬೇಕಿತ್ತು, ಮೊದಲಿಗೆ ಏರಿತು. ‘ಇಂದ್ರನೇ ಯಾರನ್ನು ಕೊಲ್ಲುತ್ತಾನೋ ಅವನು’ ಅಂತ ಅರ್ಥವಾಗಿ ವೃತ್ರ ಸತ್ತ. ವ್ಯಾಕರಣಕಾರ ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲೇ ಇದನ್ನು ನೆನೆಯುತ್ತಾನೆ. ಇಂಗ್ಲಿಷಿನಲ್ಲೂ ‘ಗ್ರೀನ್‌ಹೌಸ್’ನ ಮೊದಲ ಭಾಗ ಒತ್ತಿ ಹೇಳಿದರೆ ಗಿಡ ಬೆಳೆಸುವ ಮನೆ, ‘ಹೌಸ್’ ಮೇಲೂ ಒತ್ತು ಬಿದ್ದರೆ ಹಸಿರು ಬಣ್ಣದ ಮನೆ.

ಈಗ ನಿನ್ನ ಕಥೆಗೆ ಬರುತ್ತೇನೆ. ಮೂರು ಕಡೆ ‘ಮಳೆ ಗಾಲ’ ಅಂತ ಬಿಡಿಸಿದ್ದೀಯ. ‘ಗಾಲ’ ಅನ್ನುವ ಪದವೇ ಇಲ್ಲ. ಅದು ಮಳೆಯನ್ನು ಹಿಡಿದುಕೊಂಡೇ ಬದುಕಿರುವುದು. ಸದ್ದು ಬೆಸೆದ ಮೇಲೆ ನಡುವೆ ಜಾಗ ಬಿಡಬೇಡ. ‘ಮನೆ ಕೆಲಸ ನಡೀತಿದೆ’ ಅಂದರೆ ಇಟ್ಟಿಗೆ ಸಿಮೆಂಟೂ ಆಗಬಹುದು. ‘ಮನೆಗೆಲಸ’ ಅಂದರೆ ಪಾತ್ರೆ, ಪೊರಕೆ, ಬಟ್ಟೆ. ಯಾವುದು ಬೇಕೋ ನೋಡಿ ಹಾಕು.

ಹೊಸ ಜೋಡುಪದ ಕಟ್ಟಬೇಡ ಅಂತ ನಾನು ಹೇಳುವುದಿಲ್ಲ. ಕಟ್ಟು, ಧಾರಾಳವಾಗಿ ಕಟ್ಟು. ಆದರೆ ಕಾಗದದ ಮೇಲೆ ಕಟ್ಟಬೇಡ, ಬಾಯಲ್ಲಿ ಕಟ್ಟು. ಹತ್ತು ಸಲ ಬೇಗ ಬೇಗ ಹೇಳು. ಊದುಗೊಳವೆ ಅಂತ ನೀನು ಸರಿಯಾಗಿಯೇ ಬರೆದೆ. ಸಂಧಿ ಬಿಡಿಸಿ ನೋಡಿ ಬರೆದದ್ದಲ್ಲ ಅದು, ಅಡುಗೆಮನೆಯಲ್ಲಿ ಕೇಳಿದ್ದು. ಆ ಕಿವಿಯನ್ನು ನಂಬು.

ಅಮ್ಮನ ಸಾಲಿಗೆ ‘ಹೊಗೆಗಣ್ಣು’ ಅಂತ ಹಾಕಿದರೆ ಹೇಗೆ? ‘ಹೊಗೆಕಣ್ಣು’ ಅಂತಲೂ ಹೇಳಿ ನೋಡು, ನನಗಂತೂ ಹೊಗೆ ಒಂದು ಕಡೆ, ಕಣ್ಣು ಒಂದು ಕಡೆ ನಿಂತಂತೆ ಕೇಳುತ್ತದೆ. ಯಾವುದೂ ಹಿಡಿಸದಿದ್ದರೆ ಕೆಂಪು ಕಣ್ಣು ಅಂತಲೇ ಬಿಡು. ತಿದ್ದಿದ ಮೇಲೆ ಕಳಿಸು, ಮತ್ತೆ ಜೋರಾಗಿ ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ